ಒಂದೇ ಮಾರುಕಟ್ಟೆ, 27 ದೇಶ: ಹೊಸತನ ಕೆಲವು ಕಡೆ ಮಾತ್ರ ಯಾಕೆ ಬೇರು ಬಿಡುತ್ತದೆ?

ಪ್ರಶ್ನೆ: ನಾನು ಅರ್ಥಶಾಸ್ತ್ರ ಓದುತ್ತಿರುವ ವಿದ್ಯಾರ್ಥಿ. ಯುರೋಪಿಯನ್ ಒಕ್ಕೂಟದ 27 ದೇಶಗಳಿಗೆ ಮಾರುಕಟ್ಟೆ ಒಂದೇ, ನಿಯಮಗಳು ಬಹುಪಾಲು ಒಂದೇ, ಹೆಚ್ಚಿನವಕ್ಕೆ ನಾಣ್ಯವೂ ಒಂದೇ. ಹಾಗಿದ್ದರೂ ಇನ್ನೋವೇಶನ್ ಪಟ್ಟಿ ಬಂದಾಗಲೆಲ್ಲ ಸ್ವೀಡನ್, ಡೆನ್ಮಾರ್ಕ್ ಮೇಲಿರುತ್ತವೆ. ರೊಮೇನಿಯಾ, ಬಲ್ಗೇರಿಯಾ ಕೆಳಗಿರುತ್ತವೆ. ಸಂಶೋಧನೆಗೆ ಜಾಸ್ತಿ ದುಡ್ಡು ಹಾಕಿದರೆ ಈ ಅಂತರ ಮುಚ್ಚುತ್ತದೆಯೇ? ಬೇರೆ ಏನೇನು ಕಾರಣಗಳಿವೆ?

ಉತ್ತರ:

ದುಡ್ಡು ಬೇಕೇ ಬೇಕು. ಆದರೆ ದುಡ್ಡೊಂದರಿಂದಲೇ ಅಂತರ ಮುಚ್ಚುವುದಿಲ್ಲ. ಈ ವಿಷಯವನ್ನು ಹಲವು ವರ್ಷ ಗಮನಿಸುತ್ತಾ ಬಂದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇಷ್ಟು. ಒಂದು ದೇಶದಲ್ಲಿ ಹೊಸದನ್ನು ಕಂಡುಹಿಡಿಯುವವರು ಎಷ್ಟಿದ್ದಾರೆ ಅನ್ನುವುದಕ್ಕಿಂತ, ಹೊಸದು ಬಂದಾಗ ಅದನ್ನು ಕೈಗೆ ತೆಗೆದುಕೊಳ್ಳುವವರು ಎಷ್ಟಿದ್ದಾರೆ ಅನ್ನುವುದು ಮುಖ್ಯ. ಆ ಕೈ ಒಂದು ಕಂಪನಿಯದ್ದಾಗಿರಬಹುದು, ಗಿರಾಕಿಯದ್ದಾಗಿರಬಹುದು, ಬಂಡವಾಳ ಹಾಕುವವರದ್ದಾಗಿರಬಹುದು, ಸರ್ಕಾರದ್ದೂ ಆಗಿರಬಹುದು. ಅಂಥ ಕೈಗಳಿಲ್ಲದ ಕಡೆ ಒಳ್ಳೆಯ ಐಡಿಯಾ ಒಂದೋ ಅಲ್ಲೇ ಬತ್ತಿಹೋಗುತ್ತದೆ, ಇಲ್ಲಾ ಊರು ಬಿಟ್ಟು ಹೋಗುತ್ತದೆ.

ಮೊದಲು ಅಂಕಿಗಳನ್ನು ನೋಡಿಬಿಡೋಣ. ಸಂಶೋಧನೆ ಮತ್ತು ಅಭಿವೃದ್ಧಿಗೆ ಯುರೋಪಿಯನ್ ಒಕ್ಕೂಟ ಒಟ್ಟಾರೆ ತನ್ನ ಜಿಡಿಪಿಯ ಸುಮಾರು 2.2% ಖರ್ಚು ಮಾಡುತ್ತದೆ. ಸ್ವೀಡನ್ ಹತ್ತಿರ ಹತ್ತಿರ 3.5%. ರೊಮೇನಿಯಾ ಸುಮಾರು 0.5%. ಅಂದರೆ ಒಂದೇ ಒಕ್ಕೂಟದೊಳಗೆ ಏಳು ಪಟ್ಟು ವ್ಯತ್ಯಾಸ. 2000ದಲ್ಲಿ ಲಿಸ್ಬನ್‌ನಲ್ಲಿ ಸೇರಿದ ನಾಯಕರು, ಹತ್ತು ವರ್ಷದಲ್ಲಿ ಯುರೋಪನ್ನು ಜಗತ್ತಿನಲ್ಲೇ ಅತ್ಯಂತ ಸ್ಪರ್ಧಾತ್ಮಕ ಜ್ಞಾನದ ಆರ್ಥಿಕತೆ ಮಾಡುತ್ತೇವೆ ಎಂದು ಹೇಳಿದರು. 2002ರಲ್ಲಿ ಬಾರ್ಸಿಲೋನಾದಲ್ಲಿ 3% ಎಂಬ ಗುರಿ ಇಟ್ಟರು. 2010ಕ್ಕೆ ಮುಟ್ಟಬೇಕಿತ್ತು, ಮುಟ್ಟಲಿಲ್ಲ. ಅದನ್ನೇ 2020ಕ್ಕೆ ಮುಂದೂಡಿದರು. ಆಗಲೂ ಮುಟ್ಟಲಿಲ್ಲ.

ಯಾಕೆ? ಈ ಖರ್ಚಿನಲ್ಲಿ ಮೂರನೇ ಎರಡರಷ್ಟು ಮಾಡುವುದು ಕಂಪನಿಗಳು, ಸರ್ಕಾರಗಳಲ್ಲ. ಸರ್ಕಾರ ಬಜೆಟ್‌ನಲ್ಲಿ ಒಂದು ಸಾಲು ಬರೆದು ತನ್ನ ಪಾಲು ಹೆಚ್ಚಿಸಬಹುದು. ಪ್ರಯೋಗಾಲಯ ಇಟ್ಟುಕೊಳ್ಳುವಂಥ ಕಂಪನಿಗಳೇ ದೇಶದಲ್ಲಿ ಇಲ್ಲದಿದ್ದರೆ ಉಳಿದ ಪಾಲು ಎಲ್ಲಿಂದ ಬರಬೇಕು?

ಹಾಗೆಯೇ, ಈ ಶೇಕಡಾವಾರು ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಐರ್ಲೆಂಡ್‌ನ ಜಿಡಿಪಿ ಬಹುರಾಷ್ಟ್ರೀಯ ಕಂಪನಿಗಳ ಲೆಕ್ಕದಿಂದ ಎಷ್ಟು ಉಬ್ಬಿದೆ ಅಂದರೆ, ಅಲ್ಲಿನ ಅಂಕಿಅಂಶ ಇಲಾಖೆಯೇ ಅದನ್ನು ತಿದ್ದಿ ಬೇರೊಂದು ಅಳತೆ ಪ್ರಕಟಿಸುತ್ತದೆ. ಕೆಳಗಿನ ಸಂಖ್ಯೆ ಉಬ್ಬಿದರೆ ಭಾಗಲಬ್ಧ ತಾನಾಗೇ ಕುಗ್ಗುತ್ತದೆ ಅಲ್ವಾ? ಹಾಗಾಗಿ ಸಂಶೋಧನೆಯ ಪಾಲಿನಲ್ಲಿ ಐರ್ಲೆಂಡ್ ಇರುವುದಕ್ಕಿಂತ ಬಡವಾಗಿ ಕಾಣುತ್ತದೆ.

ಇನ್ನು ಆ ‘ಕೈ’ಯ ವಿಷಯಕ್ಕೆ ಬರುತ್ತೇನೆ.

ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗೆ ದಾರಿ ಮಾಡಿಕೊಟ್ಟ ವಿಜ್ಞಾನಿ ಕಾಟಲಿನ್ ಕಾರಿಕೋ ಅವರ ಕಥೆ ನಿಮಗೆ ಗೊತ್ತಿರಬಹುದು. ಹಂಗೇರಿಯ ಸೆಗೆಡ್ ನಗರದ ಸಂಶೋಧನಾ ಕೇಂದ್ರದಲ್ಲಿ ಆರ್‌ಎನ್‌ಎ ಮೇಲೆ ಕೆಲಸ ಮಾಡುತ್ತಿದ್ದರು. 1985ರಲ್ಲಿ ಅವರ ಕೆಲಸಕ್ಕೆ ಹಣ ನಿಂತಿತು. ಕಾರು ಮಾರಿದರು. ದೇಶದಿಂದ ಹಣ ಹೊರಗೆ ಒಯ್ಯಲು ಆಗ ಬಿಡುತ್ತಿರಲಿಲ್ಲ. ಹಾಗಾಗಿ ಸುಮಾರು 900 ಪೌಂಡನ್ನು ಮಗಳ ಆಟದ ಕರಡಿಯ ಹೊಟ್ಟೆಯೊಳಗಿಟ್ಟು ಹೊಲಿದು, ಗಂಡ ಮತ್ತು ಎರಡು ವರ್ಷದ ಮಗಳ ಜೊತೆ ಅಮೆರಿಕಕ್ಕೆ ಹೋದರು. ಅಲ್ಲೂ ದಾರಿ ಸುಲಭ ಇರಲಿಲ್ಲ. ಅನುದಾನದ ಅರ್ಜಿಗಳು ಒಂದಾದ ಮೇಲೊಂದು ತಿರಸ್ಕಾರವಾದವು, ಹುದ್ದೆಯಲ್ಲಿ ಹಿಂಬಡ್ತಿಯೂ ಆಯಿತು. 2005ರಲ್ಲಿ ಡ್ರೂ ವೈಸ್‌ಮನ್ ಜೊತೆ ಬರೆದ ಪ್ರಬಂಧವನ್ನು ಆಗ ಹೆಚ್ಚು ಜನ ಗಮನಿಸಲೇ ಇಲ್ಲ. ಅದೇ ಕೆಲಸಕ್ಕೆ 2023ರಲ್ಲಿ ನೊಬೆಲ್ ಬಂತು.

ಅವರ ಕೆಲಸಕ್ಕೆ ಯುರೋಪಿನಲ್ಲಿ ಕೈ ಚಾಚಿದ್ದು ಜರ್ಮನಿಯ ಮೈಂಜ್ ಪಟ್ಟಣದ ಬಯೋಎನ್‌ಟೆಕ್. 2013ರಲ್ಲಿ ಅವರು ಅಲ್ಲಿಗೆ ಸೇರಿದರು. ಆ ಕಂಪನಿಯನ್ನು 2008ರಲ್ಲಿ ಕಟ್ಟಿದವರು ಊರ್ ಶಾಹಿನ್ ಮತ್ತು ಓಜ್ಲೆಮ್ ಟ್ಯುರೆಜಿ ದಂಪತಿ. ಇಬ್ಬರ ಬೇರೂ ಟರ್ಕಿಯಲ್ಲಿದೆ. ವರ್ಷಗಟ್ಟಲೆ ಲಾಭವಿಲ್ಲದೆ ನಡೆಯುವ ಆ ಕೆಲಸಕ್ಕೆ ಆರಂಭದಲ್ಲೇ ಸುಮಾರು 15 ಕೋಟಿ ಯೂರೋ ಹಾಕಿದವರು ಸ್ಟ್ರೂಂಗ್‌ಮನ್ ಸೋದರರು. ತಮ್ಮ ಔಷಧ ಕಂಪನಿ ಮಾರಿ ಬಂದ ಹಣ ಅವರ ಬಳಿ ಇತ್ತು. ಔಷಧದ ವ್ಯವಹಾರದ ಒಳಹೊರಗೂ ಗೊತ್ತಿತ್ತು. 2020ರಲ್ಲಿ ಕೋವಿಡ್ ಲಸಿಕೆ ಬೇಕಾದಾಗ ಮಾರ್‌ಬರ್ಗ್‌ನಲ್ಲಿ ಕೊಳ್ಳಲು ಒಂದು ತಯಾರಿ ಘಟಕ ಸಿದ್ಧವಿತ್ತು. ಸಾವಿರಾರು ಜನರ ಮೇಲೆ ಪರೀಕ್ಷೆ ನಡೆಸುವ ತಾಕತ್ತು ಮಾತ್ರ ಅಮೆರಿಕದ ಫೈಜರ್‌ನಿಂದ ಬರಬೇಕಾಯಿತು.

ಇಲ್ಲಿ ಹಂಗೇರಿಯ ವಿಜ್ಞಾನ ದಡ್ಡ ವಿಜ್ಞಾನ ಆಗಿರಲಿಲ್ಲ. ಓದು ಗಟ್ಟಿಯಾಗಿತ್ತು, ವಿಷಯವೂ ಸರಿಯಾಗಿತ್ತು. ಅವರು ಹೊರಟಾಗ ಅಲ್ಲಿ ಇಲ್ಲದೆ ಹೋದದ್ದು ಮುಂದಿನ ಕೈ.

ಶ್ರೀಮಂತ ದೇಶಗಳಿಗೂ ಹೀಗಾಗುತ್ತದೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ 1949ರಲ್ಲಿ ಹುಟ್ಟಿದ್ದೇ ಪ್ರಯೋಗಾಲಯ ಮತ್ತು ಕಾರ್ಖಾನೆಯ ನಡುವೆ ಸೇತುವೆ ಆಗಲಿಕ್ಕೆ. ಅದಕ್ಕೆ ಸರ್ಕಾರದಿಂದ ನೇರವಾಗಿ ಸಿಗುವುದು ಸುಮಾರು ಮೂರನೇ ಒಂದು ಪಾಲು. ಉಳಿದದ್ದನ್ನು ಕಂಪನಿಗಳಿಂದಲೂ ಸರ್ಕಾರಿ ಯೋಜನೆಗಳಿಂದಲೂ ಕೆಲಸ ತಂದು ದುಡಿಯಬೇಕು. ಜರ್ಮನಿಯ ಮಧ್ಯಮ ಗಾತ್ರದ ಯಂತ್ರ ಕಂಪನಿಗಳಿಗೆ ಈ ಸೇತುವೆ ಎಷ್ಟು ಒಳ್ಳೆಯದು ಮಾಡಿದೆ ಅಂದರೆ, ಬೇರೆ ದೇಶಗಳು ಅದನ್ನು ನೋಡಿ ನಕಲು ಮಾಡಲು ಹೊರಟಿವೆ. ಅದೇ ಫ್ರೌನ್‌ಹೋಫರ್‌ನ ಎರ್ಲಾಂಗೆನ್ ಕೇಂದ್ರದಲ್ಲಿ ಎಂಪಿ3 ರೂಪುಗೊಂಡಿತು. ಪರವಾನಗಿ ಶುಲ್ಕವಾಗಿ ಅವರಿಗೆ ಒಳ್ಳೆಯ ಹಣವೂ ಬಂತು. ಆದರೆ ಮೊದಲ ಪುಟ್ಟ ಪ್ಲೇಯರನ್ನು 1998ರಲ್ಲಿ ಮಾರಿದ್ದು ದಕ್ಷಿಣ ಕೊರಿಯಾದ ಕಂಪನಿ. 2001ರಲ್ಲಿ ಐಪಾಡ್ ತಂದು ಇಡೀ ಮಾರುಕಟ್ಟೆಯನ್ನೇ ಬಾಚಿಕೊಂಡದ್ದು ಅಮೆರಿಕದ ಆಪಲ್. ಸಂಗೀತದ ಫೈಲನ್ನು ಕಿವಿಯವರೆಗೆ ಒಯ್ಯುವ ಗ್ರಾಹಕ ಎಲೆಕ್ಟ್ರಾನಿಕ್ಸ್ ಕಂಪನಿ ಜರ್ಮನಿಯಲ್ಲಿ ಆ ಹೊತ್ತಿಗೆ ಗಟ್ಟಿಯಾಗಿ ಉಳಿದಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತೇವಲ್ಲ, ಹಾಗಾಯಿತು. ಅದೇ ಸಂಸ್ಥೆ, ಅದೇ ಸೇತುವೆ. ಯಂತ್ರೋಪಕರಣದಲ್ಲಿ ಆಚೆ ದಡದಲ್ಲಿ ಜನ ಕಾಯುತ್ತಿದ್ದರು, ಇಲ್ಲಿ ಯಾರೂ ಇರಲಿಲ್ಲ.

ಈಗ ನನಗೆ ತುಂಬ ಇಷ್ಟವಾದ ಉದಾಹರಣೆಗೆ ಬರುತ್ತೇನೆ. ಡೆನ್ಮಾರ್ಕಿನ ಗಾಳಿಯಂತ್ರ. ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನಾನು ಕಂಡಿಲ್ಲ.

1973ರಲ್ಲಿ ತೈಲದ ಬಿಕ್ಕಟ್ಟು ಬಂದಾಗ ಡೆನ್ಮಾರ್ಕಿನ ಶಕ್ತಿಯ ಅಗತ್ಯದಲ್ಲಿ ಸುಮಾರು 90% ಹೊರಗಿನಿಂದ ತರಿಸಿದ ಎಣ್ಣೆಯಿಂದಲೇ ಬರುತ್ತಿತ್ತು. ದೇಶ ನಡುಗಿಹೋಯಿತು. ಹಳೆಯ ಅನುಭವ ಒಂದಷ್ಟು ಇತ್ತು. 1957ರಲ್ಲಿ ಯೊಹಾನೆಸ್ ಯೂಲ್ ಎಂಬ ಎಂಜಿನಿಯರ್ ಗೆಡ್ಸರ್‌ನಲ್ಲಿ 200 ಕಿಲೋವ್ಯಾಟ್‌ನ ಮೂರು ರೆಕ್ಕೆಯ ಯಂತ್ರ ನಿಲ್ಲಿಸಿದ್ದರು. ಅದು ಸುಮಾರು ಹತ್ತು ವರ್ಷ ಓಡಿತ್ತು. ಎಪ್ಪತ್ತರ ದಶಕದಲ್ಲಿ ಅದೇ ಜಾಡು ಹಿಡಿದವರು ಯಾರು ಗೊತ್ತಾ? ಕ್ರಿಸ್ಟಿಯನ್ ರೀಸಗೇರ್ ಎಂಬ ಬಡಗಿ ತಮ್ಮ ಮನೆಯ ತೋಟದಲ್ಲಿ ಒಂದು ಪುಟ್ಟ ಯಂತ್ರ ಕಟ್ಟಿ ವಿದ್ಯುತ್ ಜಾಲಕ್ಕೆ ಜೋಡಿಸಿದರು. ಕಾರ್ಲ್ ಎರಿಕ್ ಯೋರ್ಗೆನ್ಸನ್ ಎಂಬ ಕಮ್ಮಾರ, ಆಗಿನ್ನೂ ಚಿಕ್ಕ ಹುಡುಗ ಅನ್ನಬಹುದಾದ ಹೆನ್ರಿಕ್ ಸ್ಟೀಸ್‌ಡಾಲ್ ಜೊತೆ ಸೇರಿ ಇನ್ನೊಂದು ವಿನ್ಯಾಸ ಮಾಡಿದರು. ಅದನ್ನು ತಯಾರಿಸುವ ಪರವಾನಗಿಯನ್ನು 1979ರಲ್ಲಿ ಪಡೆದದ್ದು ವೆಸ್ಟಾಸ್. ಕೃಷಿಗೆ ಬೇಕಾದ ಗಾಡಿ, ಕ್ರೇನ್ ಮಾಡುತ್ತಿದ್ದ ಕಂಪನಿ ಅದು.

ಸರ್ಕಾರ ಮಾಡಿದ್ದು ಎರಡು ಕೆಲಸ. 1978ರಲ್ಲಿ ರಿಸೋ ಸಂಶೋಧನಾ ಕೇಂದ್ರದಲ್ಲಿ ಒಂದು ಪರೀಕ್ಷಾ ಠಾಣೆ ತೆರೆಯಿತು. 1979ರಿಂದ ಗಾಳಿಯಂತ್ರ ಕೊಳ್ಳುವವರಿಗೆ ಬೆಲೆಯಲ್ಲಿ 30% ಸಹಾಯಧನ ಕೊಟ್ಟಿತು. ಷರತ್ತು ಒಂದೇ. ಆ ಯಂತ್ರ ರಿಸೋದಲ್ಲಿ ಪಾಸಾಗಿರಬೇಕು. ಗಮನಿಸಿ, ಸಹಾಯಧನ ಹೋದದ್ದು ಕೊಳ್ಳುವವರ ಕೈಗೆ. ಕೊಂಡವರು ರೈತರು, ಊರಿನವರು ಕೂಡಿ ಕಟ್ಟಿಕೊಂಡ ಸಹಕಾರಿ ಗುಂಪುಗಳು. ತಮ್ಮ ದುಡ್ಡು ಹಾಕಿದ ಮೇಲೆ ಸುಮ್ನೆ ಕೂರುತ್ತಾರಾ? ಮಾಲೀಕರ ಸಂಘ ಒಂದು ಪತ್ರಿಕೆ ಹೊರಡಿಸಿತು. ಯಾವ ಕಂಪನಿಯ ಯಂತ್ರ ಎಷ್ಟು ವಿದ್ಯುತ್ ಕೊಟ್ಟಿತು, ಯಾವುದು ಕೆಟ್ಟು ನಿಂತಿತು ಅನ್ನುವುದನ್ನು ಅದರಲ್ಲಿ ಅಚ್ಚು ಹಾಕುತ್ತಿದ್ದರು. ಮುಂದಿನ ಗಿರಾಕಿ ಅದನ್ನು ಓದಿಕೊಂಡೇ ಅಂಗಡಿಗೆ ಬರುತ್ತಿದ್ದ. ತಯಾರಕರಿಗೆ ಇದಕ್ಕಿಂತ ಕಟುವಾದ, ಇದಕ್ಕಿಂತ ಉಪಯುಕ್ತವಾದ ಪರೀಕ್ಷೆ ಬೇರೆ ಇರಲಿಲ್ಲ.

ಪಕ್ಕದ ಜರ್ಮನಿ ಅದೇ ಹೊತ್ತಿಗೆ ಬೇರೆ ದಾರಿ ಹಿಡಿಯಿತು. ಸಂಶೋಧನಾ ಸಚಿವಾಲಯದ ಹಣದಲ್ಲಿ, ದೊಡ್ಡ ಕಂಪನಿಯ ಕೈಯಲ್ಲಿ, ಗ್ರೋವಿಯನ್ ಎಂಬ 3 ಮೆಗಾವ್ಯಾಟ್‌ನ ದೈತ್ಯ ಯಂತ್ರ ಕಟ್ಟಿಸಿತು. 1983ರಲ್ಲಿ ತಿರುಗಲು ಶುರುವಾಯಿತು, 1987ರಲ್ಲಿ ನಿಂತಿತು. ಆ ನಾಲ್ಕು ವರ್ಷದಲ್ಲಿ ಬಹುಪಾಲು ಸಮಯ ಅದು ಕೆಟ್ಟು ನಿಂತೇ ಇತ್ತು. ಎಂಜಿನಿಯರಿಂಗ್‌ನಲ್ಲಿ ಜರ್ಮನಿ ಹಿಂದೆ ಇತ್ತು ಅಂತ ಯಾರೂ ಹೇಳಲಾರರು. ಆದರೆ ಒಂದೇ ದೊಡ್ಡ ಯಂತ್ರದಿಂದ ಒಂದೇ ಪಾಠ ಸಿಗುತ್ತದೆ. ನೂರಾರು ಚಿಕ್ಕ ಯಂತ್ರಗಳಿಂದ ಪ್ರತಿ ತಿಂಗಳೂ ಪಾಠ. ಇವತ್ತು ಡೆನ್ಮಾರ್ಕಿನ ವಿದ್ಯುತ್ತಿನಲ್ಲಿ ಅರ್ಧದಷ್ಟು ಗಾಳಿಯಿಂದ ಬರುತ್ತದೆ. ಸಮುದ್ರದ ಮೇಲೆ ಜಗತ್ತಿನ ಮೊದಲ ಗಾಳಿ ವಿದ್ಯುತ್ ಕೇಂದ್ರ ಬಂದದ್ದೂ ಅಲ್ಲೇ, 1991ರಲ್ಲಿ, ವಿಂಡೆಬಿಯಲ್ಲಿ. ಹನ್ನೊಂದು ಯಂತ್ರ.

ನಿಮ್ಮ ‘ಜಾಸ್ತಿ ದುಡ್ಡು ಹಾಕಿದರೆ?’ ಎಂಬ ಪ್ರಶ್ನೆಯನ್ನು ಈ ಎರಡು ದೇಶಗಳ ಮುಂದಿಟ್ಟು ನೋಡಿ.

ಇನ್ನೊಂದು ಜೋಡಿ ಸ್ಲೊವಾಕಿಯಾ ಮತ್ತು ಝೆಕ್ ಗಣರಾಜ್ಯ. 1992ರ ಕೊನೆಯವರೆಗೂ ಇವೆರಡೂ ಒಂದೇ ದೇಶ. ಹಾಗಾಗಿ ಇತಿಹಾಸ, ಶಾಲೆ, ಕಾನೂನು ಎಲ್ಲವೂ ಹತ್ತಿರ ಹತ್ತಿರ. ಸುಮಾರು 54 ಲಕ್ಷ ಜನರ ಸ್ಲೊವಾಕಿಯಾ ವರ್ಷಕ್ಕೆ ಸುಮಾರು 10 ಲಕ್ಷ ಕಾರು ತಯಾರಿಸುತ್ತದೆ. ತಲೆಗೆ ಇಷ್ಟು ಎಂದು ಲೆಕ್ಕ ಹಾಕಿದರೆ ಜಗತ್ತಿನಲ್ಲೇ ಮೊದಲು. ಬ್ರಾಟಿಸ್ಲಾವಾದಲ್ಲಿ ಫೋಕ್ಸ್‌ವ್ಯಾಗನ್, ಝಿಲಿನಾದಲ್ಲಿ ಕಿಯಾ, ಟ್ರ್ನಾವಾದಲ್ಲಿ ಸ್ಟೆಲಾಂಟಿಸ್, ನಿಟ್ರಾದಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್. ರೋಬೋಟ್‌ಗಳು, ಹೊಸ ಹೊಸ ಯಂತ್ರಗಳು, ರಫ್ತು ಎಲ್ಲವೂ ಇವೆ. ಆದರೆ ಕಾರಿನ ನಕ್ಷೆ ಬರೆಯುವ ಟೇಬಲ್ ಹೆಚ್ಚಾಗಿ ಬೇರೆ ದೇಶದಲ್ಲಿದೆ. ಸಂಶೋಧನೆಯ ಖರ್ಚು ಜಿಡಿಪಿಯ 1% ಆಸುಪಾಸಿನಲ್ಲೇ ಸುತ್ತುತ್ತದೆ. ಝೆಕ್ ಕಡೆ ಸ್ಕೋಡಾ ಇತ್ತು. 1991ರಲ್ಲಿ ಅದೂ ಫೋಕ್ಸ್‌ವ್ಯಾಗನ್ ತೆಕ್ಕೆಗೆ ಬಂತು. ಆದರೆ ಮ್ಲಾಡಾ ಬೊಲೆಸ್ಲಾವ್‌ನಲ್ಲಿ ಅದರ ಸ್ವಂತ ವಿನ್ಯಾಸ ಮತ್ತು ಅಭಿವೃದ್ಧಿ ವಿಭಾಗ ಉಳಿಯಿತು, ಬೆಳೆಯಿತು. ಝೆಕ್ ಖರ್ಚು 2% ಹತ್ತಿರ ಇದೆ. ಇದಕ್ಕೆ ಸ್ಕೋಡಾ ಒಂದೇ ಕಾರಣ ಅನ್ನುವುದು ತಪ್ಪಾಗುತ್ತದೆ. ಆದರೆ ವಿದೇಶಿ ಬಂಡವಾಳ ಬಂತಾ ಅನ್ನುವ ಪ್ರಶ್ನೆಗಿಂತ, ಬಂದ ಕಂಪನಿ ಕಾರ್ಖಾನೆ ಮಾತ್ರ ತಂದಿತಾ, ಎಂಜಿನಿಯರ್‌ಗಳ ಟೇಬಲ್‌ಗಳನ್ನೂ ತಂದಿತಾ ಅನ್ನುವ ಪ್ರಶ್ನೆ ಮುಖ್ಯ. ಇದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ.

ಕಂಪನಿಗಳು ಒಂದರ ಪಕ್ಕ ಒಂದು ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ನೆದರ್‌ಲೆಂಡ್ಸ್‌ನ ಎಎಸ್‌ಎಂಎಲ್ ನೋಡಿ. 1984ರಲ್ಲಿ ಐಂಡ್‌ಹೋವನ್‌ನಲ್ಲಿ ಫಿಲಿಪ್ಸ್ ಕಟ್ಟಡದ ಪಕ್ಕದ ಸೋರುವ ಶೆಡ್ಡಿನಲ್ಲಿ ಶುರುವಾದ ಕಂಪನಿ. ಇವತ್ತು ಅತಿ ಸೂಕ್ಷ್ಮ ಚಿಪ್ ಮಾಡಲು ಬೇಕಾದ, ಇಯುವಿ ಎಂಬ ವಿಶೇಷ ಅತಿನೇರಳೆ ಬೆಳಕಿನಿಂದ ಚಿಪ್ಪಿನ ಮೇಲೆ ನಕ್ಷೆ ಮೂಡಿಸುವ ಯಂತ್ರವನ್ನು ಜಗತ್ತಿನಲ್ಲಿ ಮಾರುವುದು ಇದೊಂದೇ. ಆ ಯಂತ್ರದೊಳಗೆ ಕರಗಿದ ತವರದ ಹನಿಗಳು ಸೆಕೆಂಡಿಗೆ 50,000ದಂತೆ ಬೀಳುತ್ತವೆ. ಒಂದೊಂದು ಹನಿಗೂ ಲೇಸರ್ ಹೊಡೆದು ಬೆಳಕು ಹುಟ್ಟಿಸುತ್ತಾರೆ. ಆ ಲೇಸರ್ ಜರ್ಮನಿಯ ಟ್ರುಂಪ್ಫ್‌ನದ್ದು. ಬೆಳಕನ್ನು ಹಿಡಿದು ತಿರುಗಿಸುವ ಕನ್ನಡಿ ಜರ್ಮನಿಯದೇ ಝೈಸ್‌ನದ್ದು. ಹೊಸ ವಿಧಾನಗಳನ್ನು ಪರೀಕ್ಷಿಸಿ ನೋಡುವ ಐಮೆಕ್ ಪ್ರಯೋಗಾಲಯ ಇರುವುದು ಬೆಲ್ಜಿಯಂನ ಲೂವೆನ್‌ನಲ್ಲಿ. ಬೆಳಕಿನ ಮೂಲದ ತಂತ್ರಜ್ಞಾನ ಅಮೆರಿಕದ ಸೈಮರ್ ಕಂಪನಿಯದ್ದು, ಅದನ್ನು ಎಎಸ್‌ಎಂಎಲ್ ಕೊಂಡುಕೊಂಡಿತು. ಇಷ್ಟಾದರೂ 2012ರಲ್ಲಿ ಕೆಲಸ ಮುಗಿದಿರಲಿಲ್ಲ, ಹಣ ಸಾಲದು ಅನ್ನಿಸಿತು. ಆಗ ಗಿರಾಕಿಗಳಾದ ಇಂಟೆಲ್, ಟಿಎಸ್‌ಎಂಸಿ, ಸ್ಯಾಮ್‌ಸಂಗ್ ಮೂವರೂ ಸೇರಿ ಕಂಪನಿಯ 23% ಪಾಲು ಕೊಂಡರು. ಅದರ ಮೇಲೆ ಸಂಶೋಧನೆಗೆ ಅಂತಲೇ ಸುಮಾರು 138 ಕೋಟಿ ಯೂರೋ ಕೊಡುವುದಾಗಿ ಒಪ್ಪಿದರು. ಇನ್ನೂ ತಯಾರಾಗದ ಯಂತ್ರಕ್ಕೆ ಗಿರಾಕಿಯೇ ಮುಂಗಡ ಕೊಟ್ಟಂತೆ. ಲೇಸರ್, ಕನ್ನಡಿ, ಪ್ರಯೋಗಾಲಯ ಮೂರೂ ಅರ್ಧ ದಿನದ ಪ್ರಯಾಣದೊಳಗೆ ಸಿಗುವ ಊರಿನಲ್ಲಿ ಇದು ನಡೆಯಿತು. ಬಲ್ಗೇರಿಯಾದಲ್ಲಿ ಇಂಥದೇ ಐಡಿಯಾ ಇರುವ ಜಾಣರು ಇಲ್ಲವೆಂದಲ್ಲ. ಅವರ ಅಕ್ಕಪಕ್ಕ ಇವರ್ಯಾರೂ ಇಲ್ಲ.

ಬಂಡವಾಳದ ವಿಷಯ ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಇದರ ಬಗ್ಗೆ ಎಲ್ಲರೂ ಬರೆಯುತ್ತಾರೆ. ಯುರೋಪಿನವರ ಉಳಿತಾಯ ಹೆಚ್ಚಾಗಿ ಬ್ಯಾಂಕಿನಲ್ಲಿರುತ್ತದೆ. ಬ್ಯಾಂಕು ಅಡಮಾನ ಕೇಳುತ್ತದೆ. ನಾಲ್ಕು ಲ್ಯಾಪ್‌ಟಾಪ್ ಮತ್ತು ಒಂದು ಐಡಿಯಾ ಇರುವ ಕಂಪನಿ ಏನನ್ನು ಅಡವಿಡಬೇಕು? ಶುರುವಿಗೆ ಹಣ ಹೇಗೋ ಸಿಗುತ್ತದೆ, ದೊಡ್ಡದಾಗಲು ಹಣ ಬೇಕಾದಾಗ ಕಷ್ಟ. ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಮಾಜಿ ಅಧ್ಯಕ್ಷ ಮಾರಿಯೋ ದ್ರಾಗಿ 2024ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ವರದಿಯಲ್ಲಿ ಒಂದು ಲೆಕ್ಕ ಇದೆ. 2008ರಿಂದ 2021ರ ನಡುವೆ ಒಕ್ಕೂಟದಲ್ಲಿ ಹುಟ್ಟಿ ನೂರು ಕೋಟಿ ಡಾಲರ್ ಬೆಲೆ ದಾಟಿದ ಕಂಪನಿಗಳು 147. ಅವುಗಳಲ್ಲಿ 40 ತಮ್ಮ ಮುಖ್ಯ ಕಚೇರಿಯನ್ನು ಹೊರದೇಶಕ್ಕೆ, ಹೆಚ್ಚಿನವು ಅಮೆರಿಕಕ್ಕೆ, ಸಾಗಿಸಿದವು. ಅದೇ ವರದಿಯ ಇನ್ನೊಂದು ಮಾತು ನನಗೆ ಹೆಚ್ಚು ಗಂಭೀರ ಅನ್ನಿಸಿತು. ಎರಡು ದಶಕದಿಂದ ಯುರೋಪಿನಲ್ಲಿ ಸಂಶೋಧನೆಗೆ ಅತಿ ಹೆಚ್ಚು ಖರ್ಚು ಮಾಡುವ ಮೊದಲ ಮೂರು ಸ್ಥಾನದಲ್ಲಿ ಕಾರು ಕಂಪನಿಗಳೇ ಇವೆ. ಅಮೆರಿಕದಲ್ಲಿ ಆ ಜಾಗ ಕಾರು, ಔಷಧದಿಂದ ಸಾಫ್ಟ್‌ವೇರ್ ಕಡೆಗೆ ಹೊರಳಿತು. ಅಂದರೆ ಯುರೋಪ್ ಸುಮ್ಮನೆ ಕೂತಿಲ್ಲ, ಹಣವನ್ನೂ ಹಾಕುತ್ತಿದೆ. ಹಾಕುತ್ತಿರುವುದು ಆಗಲೇ ಗೊತ್ತಿರುವ ದಾರಿಗಳಲ್ಲಿ.

‘ಮಾರುಕಟ್ಟೆ ಒಂದೇ’ ಎಂದು ನೀವು ಬರೆದಿದ್ದೀರಿ. ಸಾಮಾನು ಮಾರುವಾಗ ಅದು ಬಹುಮಟ್ಟಿಗೆ ನಿಜ. ಕಂಪನಿ ನೋಂದಾಯಿಸುವಾಗ, ನೌಕರರಿಗೆ ಷೇರು ಕೊಡುವಾಗ, ದಿವಾಳಿ ಆಗುವಾಗ ಇಪ್ಪತ್ತೇಳು ದೇಶಕ್ಕೆ ಇಪ್ಪತ್ತೇಳು ಕಾನೂನು. ಪೇಟೆಂಟ್ ವಿಷಯವನ್ನೇ ತೆಗೆದುಕೊಳ್ಳಿ. ಎಲ್ಲ ಕಡೆಗೂ ಒಂದೇ ಪೇಟೆಂಟ್ ಇರಲಿ ಎಂದು 1975ರಲ್ಲೇ ಲಕ್ಸೆಂಬರ್ಗ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಅದು ಜಾರಿಗೇ ಬರಲಿಲ್ಲ. ಕೊನೆಗೆ ಏಕೀಕೃತ ಪೇಟೆಂಟ್ ಬಂದದ್ದು 2023ರ ಜೂನ್ 1ಕ್ಕೆ, 17 ದೇಶಗಳಲ್ಲಿ ಮಾತ್ರ. ಸ್ಪೇನ್, ಪೋಲೆಂಡ್ ಹೊರಗೇ ಉಳಿದವು. ಜಗಳದ ದೊಡ್ಡ ಭಾಗ ಯಾವ ಭಾಷೆಯಲ್ಲಿ ಬರೆಯಬೇಕು ಅನ್ನುವುದರ ಮೇಲೆ. ಒಂದು ಪುಟ್ಟ ಕಂಪನಿಗೆ ಆ ನಲವತ್ತೆಂಟು ವರ್ಷ ಅಂದರೆ ಅನುವಾದದ ಬಿಲ್ಲುಗಳು.

ಸೋತವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅನ್ನುವುದೂ ದೇಶದಿಂದ ದೇಶಕ್ಕೆ ಬೇರೆ. ವ್ಯಾಪಾರ ಮುಳುಗಿದವರ ಬೆನ್ನ ಮೇಲೆ ಸಾಲ ವರ್ಷಾನುಗಟ್ಟಲೆ ಕೂರುತ್ತಿತ್ತು. ಪ್ರಾಮಾಣಿಕವಾಗಿ ಸೋತವರಿಗೆ ಮೂರು ವರ್ಷದೊಳಗೆ ಸಾಲದಿಂದ ಬಿಡುಗಡೆ ಕೊಡಬೇಕು ಎಂದು ಒಕ್ಕೂಟ ನಿರ್ದೇಶನ ಹೊರಡಿಸಿದ್ದೇ 2019ರಲ್ಲಿ. ಡೆನ್ಮಾರ್ಕಿನಲ್ಲಿ ಕೆಲಸಕ್ಕೆ ತೆಗೆದುಕೊಳ್ಳುವುದೂ ಸುಲಭ, ತೆಗೆದುಹಾಕುವುದೂ ಸುಲಭ. ಆದರೆ ಕೆಲಸ ಹೋದವರಿಗೆ ಎರಡು ವರ್ಷದವರೆಗೆ ನಿರುದ್ಯೋಗ ಭತ್ಯೆ ಸಿಗುತ್ತದೆ, ಹೊಸ ಕೆಲಸ ಕಲಿಯಲು ತರಬೇತಿಯೂ ಇದೆ. ಇದನ್ನು ಕಾರ್ಮಿಕ ನೀತಿ ಎಂದು ಬೇರೆ ಕಪಾಟಿನಲ್ಲಿ ಇಡುತ್ತಾರೆ. ನನಗೆ ಇದು ಇನ್ನೋವೇಶನ್ ನೀತಿಯೂ ಹೌದು. ಮಕ್ಕಳಿರುವ ಒಬ್ಬ ಎಂಜಿನಿಯರ್, ಹತ್ತು ಜನರ ಸ್ಟಾರ್ಟಪ್ ಸೇರಬೇಕಾ ಬೇಡವಾ ಅಂತ ಯೋಚಿಸುವಾಗ, ಮನೆಯಲ್ಲಿ ಇದೇ ಮಾತು ಬರುತ್ತದೆ: ಅದು ಮುಚ್ಚಿಹೋದರೆ ಏನು ಮಾಡೋಣ?

ಜನರೇ ಹೊರಟುಹೋದರೆ ಉಳಿದದ್ದೆಲ್ಲ ವ್ಯರ್ಥ. 2008ರ ನಂತರದ ಬಿಕ್ಕಟ್ಟಿನ ವರ್ಷಗಳಲ್ಲಿ ಗ್ರೀಸ್‌ನಿಂದ 4 ಲಕ್ಷಕ್ಕೂ ಹೆಚ್ಚು ಜನ ಹೊರಗೆ ಹೋದರು. ಓದಿದ ಯುವಕರ ಪಾಲು ಅದರಲ್ಲಿ ದೊಡ್ಡದು. ಒಕ್ಕೂಟದೊಳಗೆ ಯಾರು ಎಲ್ಲಿಗೆ ಬೇಕಾದರೂ ಹೋಗಿ ದುಡಿಯಬಹುದು. ಒಬ್ಬೊಬ್ಬರ ಬದುಕಿಗೆ ಇದು ದೊಡ್ಡ ವರ. ಆದರೆ ಅವರ ಶಾಲೆ ಕಾಲೇಜಿನ ಖರ್ಚು ಭರಿಸಿದ ದೇಶಕ್ಕೆ ಅದರ ಫಲ ಸಿಗುವುದಿಲ್ಲ. ಒಕ್ಕೂಟದ ಒಳಗೇ ಇರುವ ಈ ಅಸಮಾನತೆಯನ್ನು ಯಾವ ಪಟ್ಟಿಯೂ ಅಂಕಿಯಲ್ಲಿ ತೋರಿಸುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಹಾಗಾದರೆ ಹಿಂದೆ ಇದ್ದವರು ಮುಂದೆ ಬರಲು ಸಾಧ್ಯವೇ ಇಲ್ಲವೇ? ಖಂಡಿತ ಸಾಧ್ಯ. ಎಸ್ಟೋನಿಯಾ ನೋಡಿ. ಜನಸಂಖ್ಯೆ ಸುಮಾರು 13 ಲಕ್ಷ. 1991ರಲ್ಲಿ ಸೋವಿಯತ್ ಒಕ್ಕೂಟದಿಂದ ಹೊರಬಂದಾಗ ಕೈಯಲ್ಲಿ ಹಣ ಇರಲಿಲ್ಲ. ಆದರೆ ಟಾಲಿನ್‌ನಲ್ಲಿ 1960ರಿಂದಲೂ ಒಂದು ಸೈಬರ್ನೆಟಿಕ್ಸ್ ಸಂಸ್ಥೆ ಇತ್ತು, ಕಂಪ್ಯೂಟರ್ ಬಲ್ಲವರು ಇದ್ದರು. 1996ರಲ್ಲಿ ‘ಹುಲಿ ಜಿಗಿತ’ ಎಂಬ ಯೋಜನೆ ಹಾಕಿ ಶಾಲೆಗಳಿಗೆ ಕಂಪ್ಯೂಟರ್, ಇಂಟರ್ನೆಟ್ ಕೊಟ್ಟರು. 2001ರಲ್ಲಿ ಸರ್ಕಾರದ ಬೇರೆ ಬೇರೆ ಇಲಾಖೆಗಳ ದಾಖಲೆಗಳು ಪರಸ್ಪರ ಮಾತಾಡುವಂತೆ ಎಕ್ಸ್-ರೋಡ್ ಎಂಬ ವ್ಯವಸ್ಥೆ ಕಟ್ಟಿದರು. 2005ರಲ್ಲಿ ಇಂಟರ್ನೆಟ್ ಮೂಲಕ ಮತದಾನ ಮಾಡಿದರು. ಇಲ್ಲಿ ಸರ್ಕಾರವೇ ಮೊದಲ ಗಿರಾಕಿ. ಸ್ಥಳೀಯ ಎಂಜಿನಿಯರ್‌ಗಳಿಗೆ ನಿಜವಾದ ಕೆಲಸ ಕೊಟ್ಟ ಗಿರಾಕಿ. 2003ರಲ್ಲಿ ಇಂಟರ್ನೆಟ್ ಮೂಲಕ ಕರೆ ಮಾಡುವ ಸ್ಕೈಪ್ ಬಂತು. ಕಂಪನಿ ಕಟ್ಟಿದವರು ಸ್ವೀಡನ್ನಿನ ಒಬ್ಬರು, ಡೆನ್ಮಾರ್ಕಿನ ಒಬ್ಬರು. ಕೋಡ್ ಬರೆದವರು ಎಸ್ಟೋನಿಯಾದವರು. 2005ರಲ್ಲಿ ಅದನ್ನು ಇಬೇ ಸುಮಾರು 260 ಕೋಟಿ ಡಾಲರ್‌ಗೆ ಕೊಂಡಿತು. ಆ ಹಣ, ಅದಕ್ಕಿಂತ ಮಿಗಿಲಾಗಿ ಆ ಅನುಭವ, ಮುಂದಿನ ಕಂಪನಿಗಳಿಗೆ ಹರಿಯಿತು. ಹಣ ಕಳಿಸುವ ವೈಸ್ ಕಂಪನಿಯನ್ನು 2011ರಲ್ಲಿ ಶುರುಮಾಡಿದ ಇಬ್ಬರು ಎಸ್ಟೋನಿಯನ್ನರಲ್ಲಿ ಒಬ್ಬರು ಸ್ಕೈಪ್‌ನ ಮೊದಲ ನೌಕರ.

ಪೋರ್ಚುಗಲ್‌ನದ್ದು ಇದೇ ಜಾತಿಯ, ಆದರೆ ಯಾರೂ ಹೇಳದ ಕಥೆ. ಬ್ಯಾಂಕುಗಳು ಜಗಳ ಬಿಟ್ಟು ಒಂದಾಗಿ 1985ರಲ್ಲಿ ಮಲ್ಟಿಬಾಂಕೊ ಎಂಬ ಎಲ್ಲರಿಗೂ ಸೇರಿದ ಎಟಿಎಂ ಜಾಲ ತಂದವು. ಆಮೇಲೆ ಅದೇ ಯಂತ್ರದಲ್ಲಿ ಬಿಲ್ಲು, ತೆರಿಗೆ, ರೈಲು ಟಿಕೆಟ್ ಎಲ್ಲ ಕಟ್ಟುವಂತಾಯಿತು. 1991ರಲ್ಲಿ ಗಾಡಿ ನಿಲ್ಲಿಸದೆ ಟೋಲ್ ಕಟ್ಟುವ ವಿಯಾ ವೆರ್ಡೆ ಬಂತು. ಆಗ ಪೋರ್ಚುಗಲ್ ಸಂಶೋಧನೆಗೆ ಜಿಡಿಪಿಯ 1% ಕೂಡ ಖರ್ಚು ಮಾಡುತ್ತಿರಲಿಲ್ಲ. ಹೊಸತನ ಪ್ರಯೋಗಾಲಯದಿಂದಲೇ ಬರಬೇಕಿಲ್ಲ. ಬದ್ಧವೈರಿ ಬ್ಯಾಂಕುಗಳು ಒಂದು ಟೇಬಲ್ಲಿಗೆ ಕೂತರೂ ಬರುತ್ತದೆ.

ಮೇಲೆ ಹೋದವರು ಕೆಳಗೂ ಇಳಿಯುತ್ತಾರೆ. 1990ರ ದಶಕದ ಆರಂಭದಲ್ಲಿ ಫಿನ್ಲೆಂಡ್ ಭಾರೀ ಕುಸಿತ ಕಂಡಿತು. ಉತ್ಪಾದನೆ ಸುಮಾರು ಹತ್ತನೇ ಒಂದು ಭಾಗ ಕುಗ್ಗಿತು. ಆ ಕಷ್ಟದಲ್ಲೂ ಸಂಶೋಧನೆಯ ಹಣಕ್ಕೆ ಕತ್ತರಿ ಹಾಕಲಿಲ್ಲ. ನಾರ್ಡಿಕ್ ದೇಶಗಳು ಕೂಡಿ 1981ರಲ್ಲೇ ಒಂದು ಮೊಬೈಲ್ ಜಾಲ ಕಟ್ಟಿದ್ದವು. 1987ರಲ್ಲಿ ಹದಿಮೂರು ಯುರೋಪಿಯನ್ ದೇಶಗಳು ಜಿಎಸ್‌ಎಂ ಎಂಬ ಒಂದೇ ಮಾನದಂಡಕ್ಕೆ ಒಪ್ಪಿದವು. 1991ರ ಜುಲೈ 1ರಂದು ಮೊದಲ ಜಿಎಸ್‌ಎಂ ಕರೆ ಹೋದದ್ದು ಫಿನ್ಲೆಂಡ್‌ನಲ್ಲೇ. ನೋಕಿಯಾ ಬೆಳೆದದ್ದು ಈ ನೆಲದ ಮೇಲೆ. ಒಂದೇ ಕಂಪನಿ ದೇಶದ ಜಿಡಿಪಿಯ ಸುಮಾರು 4% ಆಯಿತು. ಆಮೇಲೆ ಸ್ಮಾರ್ಟ್‌ಫೋನ್ ಬಂತು. 2013ರಲ್ಲಿ ಫೋನ್ ವ್ಯವಹಾರವನ್ನು ಮೈಕ್ರೋಸಾಫ್ಟ್‌ಗೆ ಮಾರುವ ನಿರ್ಧಾರ ಹೊರಬಿತ್ತು. ಜಿಡಿಪಿಯಲ್ಲಿ 3.7% ಮುಟ್ಟಿದ್ದ ಸಂಶೋಧನಾ ಖರ್ಚು 2.7%ರ ಆಸುಪಾಸಿಗೆ ಇಳಿಯಿತು. ಈ ಬಾರಿ ಸರ್ಕಾರವೂ ಕಡಿತ ಮಾಡಿತು. ಅದು ತಪ್ಪಾಗಿತ್ತು ಎಂದೇ ನನ್ನ ಅಭಿಪ್ರಾಯ. ಈಗ 2030ಕ್ಕೆ 4% ಮುಟ್ಟಬೇಕೆಂದು ಗುರಿ ಇಟ್ಟು, ಸರ್ಕಾರದ ಪಾಲನ್ನು ಕಾನೂನಿನಲ್ಲೇ ಬರೆದುಕೊಂಡಿದ್ದಾರೆ. ಚುನಾವಣೆ ಬಂದಾಗಲೆಲ್ಲ ಬದಲಾಗದಿರಲಿ ಅಂತ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಹಿಂದುಳಿದ ದೇಶಗಳಿಗೆ ಹಣ ಸುರಿದರೆ? ಒಕ್ಕೂಟ ಈ ಪ್ರಯತ್ನವನ್ನು ದಶಕಗಳಿಂದ ಮಾಡುತ್ತಿದೆ. 2021ರಿಂದ 2027ರ ಹೊರೈಜನ್ ಯುರೋಪ್ ಎಂಬ ಸಂಶೋಧನಾ ಕಾರ್ಯಕ್ರಮಕ್ಕೆ 9,550 ಕೋಟಿ ಯೂರೋ ಇಟ್ಟಿತು. ಅದರಲ್ಲಿ ಸ್ಪರ್ಧೆಯಿಂದ ಸಿಗುವ ಹಣ ಆಗಲೇ ಗಟ್ಟಿಯಾಗಿರುವ ವಿಶ್ವವಿದ್ಯಾಲಯಗಳ ಕಡೆಗೇ ಹೆಚ್ಚು ಹರಿಯುತ್ತದೆ. ಬಡ ಪ್ರದೇಶಗಳಿಗೆಂದೇ ಇರುವ ನಿಧಿ ಬೇರೆ ಇದೆ. ಅಲ್ಲಿನ ತೊಡಕು ಬೇರೆ. ಹಣ ಯಾರಿಗೆ ಹೆಚ್ಚು ಬೇಕೋ ಅವರ ಬಳಿಯೇ ಅದನ್ನು ಬಳಸುವ ಕಂಪನಿ, ಆಡಳಿತ, ಎಂಜಿನಿಯರ್‌ಗಳು ಕಡಿಮೆ. ಪ್ರಯೋಗಾಲಯದ ಕಟ್ಟಡ ಎದ್ದು ನಿಲ್ಲುತ್ತದೆ, ಅದರ ಫಲ ಕೇಳಿ ಬರುವ ಕಂಪನಿ ಆ ಊರಲ್ಲಿ ಇರುವುದಿಲ್ಲ. ಇನ್ನು ಟೆಂಡರ್ ಪರಿಚಯದವರಿಗೇ ಹೋಗುವ ಕಡೆ ಕಂಪನಿಗಳು ತಮ್ಮ ಜಾಣ್ಮೆಯನ್ನು ಪರಿಚಯ ಬೆಳೆಸಲು ಬಳಸುತ್ತವೆ, ಹೊಸ ಉತ್ಪನ್ನಕ್ಕೆ ಅಲ್ಲ. ಹಾಗಾಗಿ ನನ್ನನ್ನು ಕೇಳಿದರೆ, ಹಣದ ಒಂದು ಪಾಲು ಡೆನ್ಮಾರ್ಕ್ ಮಾಡಿದಂತೆ ಕೊಳ್ಳುವವರ ಕೈಗೆ ಹೋಗಬೇಕು, ಪರೀಕ್ಷೆಯ ಷರತ್ತಿನ ಜೊತೆಗೆ.

ನೀವು ಪ್ರಬಂಧ ಬರೆಯುವುದಾದರೆ ಒಟ್ಟು ಶೇಕಡಾವಾರನ್ನು ಬಿಟ್ಟು ಮೂರು ಅಂಕಿ ಹುಡುಕಿ. ಸಂಶೋಧನೆಯ ಖರ್ಚಿನಲ್ಲಿ ದೇಶದ್ದೇ ಕಂಪನಿಗಳ ಪಾಲು ಎಷ್ಟು, ವಿದೇಶಿ ಕಂಪನಿಗಳ ಪಾಲು ಎಷ್ಟು, ಓದಿ ಹೊರಹೋದವರಲ್ಲಿ ವಾಪಸ್ ಬಂದವರು ಎಷ್ಟು. ಮೂರನೆಯದು ಹುಡುಕಲು ಕಷ್ಟ, ಆದರೆ ಅದನ್ನು ಬಿಡಬೇಡಿ. ರೊಮೇನಿಯಾದ ಡ್ಯಾನಿಯಲ್ ಡಿನೆಸ್ ಅಮೆರಿಕದಲ್ಲಿ ಮೈಕ್ರೋಸಾಫ್ಟ್‌ನಲ್ಲಿ ಕೆಲಸ ಮಾಡಿ ಬುಕಾರೆಸ್ಟ್‌ಗೆ ಮರಳಿದರು. 2005ರಲ್ಲಿ ಅಲ್ಲೊಂದು ಪುಟ್ಟ ಸಾಫ್ಟ್‌ವೇರ್ ಕಂಪನಿ ಶುರುಮಾಡಿದರು. ಹಲವು ವರ್ಷ ಬೇರೆಯವರಿಗೆ ಕೋಡ್ ಬರೆದುಕೊಟ್ಟೇ ಕಾಲ ತಳ್ಳಿದ ಆ ಕಂಪನಿ ಆಮೇಲೆ ಯುಐಪಾತ್ ಎಂದು ಹೆಸರಾಯಿತು. 2021ರ ಏಪ್ರಿಲ್‌ನಲ್ಲಿ ಅದರ ಷೇರು ನ್ಯೂಯಾರ್ಕ್ ಷೇರುಪೇಟೆಗೆ ಬಂತು. ಮುಖ್ಯ ಕಚೇರಿಯೂ ನ್ಯೂಯಾರ್ಕ್‌ಗೆ ಹೋಯಿತು. ಎಂಜಿನಿಯರ್‌ಗಳ ದೊಡ್ಡ ತಂಡ ಮಾತ್ರ ಬುಕಾರೆಸ್ಟ್‌ನಲ್ಲೇ ಉಳಿಯಿತು.